ಹೊಟ್ಟೆಯಡಿಯ ಎಡಬಾಗಿಲಿಗೆ ಒಂದು ಬಿನ್ನಹ

ಗೆ,
ಶ್ರೀಮದ್ ಎಡ ಒಳಬಾಗಿಲು ಅವರು,
ಬೆಳ್ಳಿ ಬಣ್ಣದ ಮಾದರಿ ಯುದ್ಧವಿಮಾನದ ಹೊಟ್ಟೆಯಡಿ,
ಸದ್ಯದ ಮೊಕ್ಕಾಂ: ನಮ್ಮ ಕಾರ್ ಶೆಡ್ಡಿನ ಮೇಜು, ಟೆಕ್ಸಸ್.

(ಪ್ರತಿ: ಕಾಟನ್‌ವುಡ್ ಹಳ್ಳದ ಮಾದರಿ ವಿಮಾನ ಸಂಘದ ಸೂಚನಾ ಫಲಕಕ್ಕೆ, ತಂಪು ಪಾನೀಯದ ಪೆಟ್ಟಿಗೆಯ ಮೇಲ್ಗಡೆ, ಎಲ್ಲರ ಕಣ್ಣಿಗೂ ಬೀಳುವಂತೆ.)

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ಬಲ್ಲೆನಾದ್ದರಿಂದ ಕ್ಷೇಮಸಮಾಚಾರ ಕೇಳುವ ಪದ್ಧತಿಯನ್ನು ಬಿಟ್ಟಿದ್ದೇನೆ. ಕಳೆದ ಶನಿವಾರ ಈ ವಿಮಾನದ ಎಡ ರೆಕ್ಕೆಯ ತುದಿ ಸವೆದು, ಪ್ರೊಪೆಲರು ಮೂರು ತುಂಡಾಗಿ, ನನ್ನ ಮಾನವೂ ಹುಲ್ಲಿನ ಮೇಲೆ ಇಪ್ಪತ್ತು ಗಜ ಉಜ್ಜಿಕೊಂಡು ಹೋದಾಗ, ತಮ್ಮ ಬಣ್ಣಕ್ಕೆ ಒಂದು ಗೀರೂ ಬೀಳಲಿಲ್ಲ. ಸುತ್ತಲಿನದೆಲ್ಲ ಹಾಳಾದರೂ ತಾವು ಮಾತ್ರ ಥಳಥಳಿಸುತ್ತಿರುವ ಈ ಕಲೆಯನ್ನು ನಮ್ಮ ರಾಜ್ಯದ ದೊಡ್ಡ ದೊಡ್ಡ ಅಧಿಕಾರಿಗಳು ಜೀವಮಾನವಿಡೀ ಅಭ್ಯಾಸ ಮಾಡುತ್ತಾರೆ. ತಾವು ನಾಲ್ಕೇ ತಿಂಗಳಲ್ಲಿ ಸಾಧಿಸಿದ್ದೀರಿ. ಅಭಿನಂದನೆಗಳು.

ಅಂದು ಮೈದಾನಕ್ಕೆ ಬಾರದೆ ಮೀನು ಹಿಡಿಯಲು ಹೋಗಿದ್ದ ಸದಸ್ಯರ ಸಲುವಾಗಿ ತಮ್ಮ ಹುದ್ದೆಯ ಕರ್ತವ್ಯಗಳನ್ನು ಇಲ್ಲಿ ಬರೆಯುತ್ತೇನೆ. ಹಾರುವಾಗ ಚಕ್ರದ ಕಾಲು ವಿಮಾನದ ಹೊಟ್ಟೆಯೊಳಗೆ ಮಡಚಿಕೊಂಡು ಮಲಗಿರುತ್ತದೆ. ಇಳಿಯುವಾಗ ನಾನು ಕೈಯಲ್ಲಿರುವ ರೇಡಿಯೋ ಪೆಟ್ಟಿಗೆಯ ಗುಂಡಿಯೊತ್ತಿದರೆ ಮೊದಲು ತಾವು ತೆರೆಯಬೇಕು, ಆಮೇಲೆ ಕಾಲು ಕೆಳಗಿಳಿಯಬೇಕು. ಇಷ್ಟೇ. ತಾವು ಅಂಗೈಯಗಲದ ತಗಡು, ತಮಗೆ ಇರುವುದು ಒಂದೇ ಕೆಲಸ, ಅದೂ ಒಂದು ಹಾರಾಟಕ್ಕೆ ಎರಡೇ ಬಾರಿ. ಬಾಗಿಲು ತೆರೆದ ಮೇಲೆ ಹೊರಬರಬೇಕೆಂಬುದು ಕೊಟ್ಟಿಗೆಯ ಕರುವಿಗೂ ಗೊತ್ತಿದೆ. ಆದರೆ ಬಾಗಿಲಿಗೇ ಗೊತ್ತಿಲ್ಲದಿದ್ದರೆ ಕರು ಏನು ಮಾಡೀತು?

ಈ ಸಂಘದ ಹಿರಿಯರು ತಮ್ಮಂಥವರನ್ನು ನಡೆಸಿಕೊಳ್ಳುವ ರೀತಿ ತಮಗೆ ತಿಳಿಯದಿರಲಿಕ್ಕಿಲ್ಲ. ಸ್ಪರ್ಧೆಯ ತೀರ್ಪುಗಾರರು ನೋಡುವಾಗ ಒಳಬಾಗಿಲುಗಳನ್ನು ಹಚ್ಚಿ, ಹಾರಿಸುವಾಗ ಕಿತ್ತು ಜೇಬಿನಲ್ಲಿಟ್ಟುಕೊಳ್ಳುವುದು ಇಲ್ಲಿಯ ಸಂಪ್ರದಾಯ. ಅಧ್ಯಕ್ಷರಾದ ಹಾಲಿಸ್ ಟ್ಯಾಡ್ಲಾಕ್ ಅವರು ನನಗೂ ಅದೇ ಉಪದೇಶ ಮಾಡಿದರು: "ಯಾಕಮ್ಮಾ ಡಾರ್ಲಾ ಒದ್ದಾಡ್ತೀಯ? ಕಿತ್ತು ಜೇಬಿಗೆ ಹಾಕ್ಕೋ. ಮೇಲೆ ಹೋದ್ಮೇಲೆ ಯಾರ್ ಬಗ್ಗಿ ನೋಡ್ತಾರೆ?" ನಾನು ಒಪ್ಪಲಿಲ್ಲ. ತೋರಿಸಲು ಒಂದು ನೀತಿ, ಹಾರಲು ಇನ್ನೊಂದು ನೀತಿ ಎಂಬುದರ ವಿರುದ್ಧ ಕಾರ್ಮಿಕ ಸಂಘದ ಮೇಜಿನಲ್ಲಿ ಇಪ್ಪತ್ತೈದು ಸೆಂಟಿಗೆ ಸಿಗುವ ಕಿರುಹೊತ್ತಿಗೆಗಳು ಸಾಕಷ್ಟು ಹೇಳಿವೆ, ಅವನ್ನು ನಾನು ಅಡಿಗೆರೆ ಹಾಕಿ ಓದಿದ್ದೇನೆ.

ಅದೇ ಹೊತ್ತಿಗೆಗಳನ್ನು ಓದಿದವಳು ಯುದ್ಧವಿಮಾನ ಕಟ್ಟಿದ್ದೇಕೆ ಎಂದು ಹಲವರು ಕೇಳಿದ್ದಾರೆ. ರೆಕ್ಕೆಗಳಲ್ಲಿ ಆರು ಬಂದೂಕಿರಬೇಕಾದ ಕಡೆ ನಾನು ಒಂದನ್ನೂ ಇಟ್ಟಿಲ್ಲ. ಹಾಲಿಸ್ ಅವರು "ಬಂದೂಕಿಲ್ದಿರೋ ಯುದ್ಧವಿಮಾನ, ಹಲ್ಲಿಲ್ದಿರೋ ಮೊಸಳೆ. ಮಾರ್ಕ್ಸ್ ಕಟ್ ಮಾಡ್ತೀನಿ ನೋಡು" ಎಂದರು. "ಮಾಡ್ಕೊಳ್ಳಿ ಅಂಕಲ್. ಬಂದೂಕು ಹೊಡ್ದೋರ್ದು, ಬಾಗ್ಲು ಮಾಡ್ದೋರ್ದು" ಎಂದೆ.

ಮಾಡಿದವರು ಎಂದರೆ ನನ್ನ ಅಜ್ಜಿಯ ತಂಗಿ, ಒಲೀಟಾ ಚಿಕ್ಕಜ್ಜಿ. ಹದಿನೆಂಟರ ವಯಸ್ಸಿನಲ್ಲಿ, ಎರಡನೆಯ ಮಹಾಯುದ್ಧದ ಎರಡು ವರ್ಷ ಕಾರ್ಖಾನೆಯ ಬೆಂಚಿನ ಮುಂದೆ ನಿಂತು, ಗಾಳಿಯ ಒತ್ತಡದಿಂದ ತಗಡಿಗೆ ಮೊಳೆ ಬಡಿಯುವ ರಿವೆಟ್ ಗನ್ನು ಹಿಡಿದು, ನಿಜವಾದ ವಿಮಾನಗಳ ಒಳಬಾಗಿಲುಗಳನ್ನು ಮಾಡಿದವರು. ಕೆಲಸದವರ ಗೇಟು ಹಿಂದುಗಡೆ, ವಿಮಾನ ಹಾರುತ್ತಿದ್ದುದು ಮುಂದುಗಡೆ. "ಅಷ್ಟು ಬಾಗ್ಲು ಮಾಡ್ದೆ ಕಣೇ, ಆಕಾಶದಲ್ಲಿ ಒಂದಾದ್ರೂ ತೆಗೆದಿದ್ದನ್ನ ಕಣ್ಣಲ್ಲಿ ನೋಡ್ಲಿಲ್ಲ" ಎಂದು ಚಿಕ್ಕಜ್ಜಿ ನಲವತ್ತೇಳು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಈಗ ಆ ಕಣ್ಣೇ ಹೋಗುತ್ತಿದೆ. ಎರಡೂ ಕಣ್ಣಿನ ನಡುಭಾಗ ಮಸುಕಾಗಿದೆ, ಅಂಚಿನಿಂದಷ್ಟೇ ಕಾಣುತ್ತದೆ. ಕ್ರಿಸ್‌ಮಸ್ಸಿನ ಹೊತ್ತಿಗೆ ಅದೂ ಇರಲಾರದೆಂದು ಡಾಕ್ಟರು ಹೇಳಿದ್ದಾರೆ. ಆದ್ದರಿಂದಲೇ ಶನಿವಾರದ ಪ್ರದರ್ಶನದಲ್ಲಿ ಬಾಗಿಲು ತೆರೆಯುವುದನ್ನು ತಲೆಯ ಮೇಲೇ ತೋರಿಸುತ್ತೇನೆಂದು ನಾನು ಮಾತು ಕೊಟ್ಟಿದ್ದೆ.

ಆ ಮಾತಿಗಾಗಿ ತಮಗೆ ಮಾಡಿದ ಸೇವೆಯನ್ನು ನೆನಪಿಸಲು ಸಂಕೋಚವಾಗುತ್ತದೆ, ಆದರೂ ನೆನಪಿಸುತ್ತೇನೆ. ತಮಗೆ ಹಿತ್ತಾಳೆಯ ಬಿಜಾಗರಿ ಹಾಕಿಸಿದೆ. ತಮ್ಮ ಅಂಚನ್ನು ಅರದಿಂದ ಉಜ್ಜಿ, ಉಪ್ಪುಕಾಗದದಿಂದ ತಿಕ್ಕಿ, ಮತ್ತೆ ಉಜ್ಜಿ, ಮುಚ್ಚಿದರೆ ಸಂದಿನಲ್ಲಿ ಸಿಗರೇಟು ಸುತ್ತುವ ಕಾಗದವೂ ತೂರದಂತೆ ಕೂರಿಸಿದೆ. ಬಲಬಾಗಿಲನ್ನು ಅವಸರದಲ್ಲಿ ಮುಗಿಸಿದ್ದರಿಂದ ಅದು ಬಡಪಾಯಿ, ಸ್ವಲ್ಪ ಸಡಿಲವಾಗಿಯೇ ಉಳಿಯಿತು. ಎಲ್ಲರೂ ತಮ್ಮನ್ನೇ ಹೊಗಳಿದರು. ಹೊಗಳಿಕೆಯನ್ನು ತಾವು ತತ್ತ್ವವೆಂದು ಸ್ವೀಕರಿಸಿದಿರಿ: ಬಾಗಿಲೇ ಇಲ್ಲವೆನ್ನುವಷ್ಟು ಮುಚ್ಚಿಕೊಂಡಿರುವುದೇ ಬಾಗಿಲಿನ ಪರಮಪದ ಎಂದು.

ಶನಿವಾರ ಚಿಕ್ಕಜ್ಜಿ ಹುಲ್ಲು ಟೋಪಿ ಹಾಕಿಕೊಂಡು, ಮಡಚುವ ಕುರ್ಚಿಯಲ್ಲಿ ಐಸ್ ಹಾಕಿದ ಚಹಾ ಹಿಡಿದು, ಅಂಚುಗಣ್ಣಿಗೆ ಅನುಕೂಲವಾಗಲೆಂದು ಮುಖವನ್ನು ಓರೆಯಾಗಿಸಿ ಕುಳಿತರು. ಹಾರುವ ಮೊದಲು ವಿಮಾನವನ್ನು ಎತ್ತರದ ಸ್ಟ್ಯಾಂಡಿನ ಮೇಲೆ ಇಟ್ಟಿದ್ದೆ. ಬಂದವರೆಲ್ಲ "ಏ ಡಾರ್ಲಾ, ಒಂದ್ಸಲ ತೆಗೆದು ತೋರ್ಸು" ಎಂದರು. ತೋರಿಸಿದೆ. "ಇನ್ನೊಂದ್ಸಲ, ನಮ್ಮ ಮನೆಯೋಳು ನೋಡ್ಲಿಲ್ಲ." ತೋರಿಸಿದೆ. ಒಳಬಾಗಿಲು ಜೇಬಿಗೆ ಹಾಕಿಕೊಳ್ಳುವ ಹಾಲಿಸ್ ಅವರೂ ಮೂರು ಸಲ ಬಗ್ಗಿ ನೋಡಿ, "ಪರ್ವಾಗಿಲ್ವೇ ಹುಡ್ಗಿ" ಎಂದರು. ತಾವು ಹನ್ನೊಂದು ಸಲವೂ ಅರಮನೆಯ ದ್ವಾರಪಾಲಕರಂತೆ ತೆರೆದು ಮುಚ್ಚಿದಿರಿ.

ಆಮೇಲೆ ವಿಮಾನ ಮೇಲೇರಿತು. ಕಾಲುಗಳು ಮಡಚಿದವು, ಬಾಗಿಲುಗಳು ಮುಚ್ಚಿದವು. ಒಂದು ಸುತ್ತು ಹೊಡೆಸಿ, ತಗ್ಗಿಸಿ, ಚಿಕ್ಕಜ್ಜಿಯ ಕುರ್ಚಿಯ ಮೇಲೆ ತಂದು ಗುಂಡಿಯೊತ್ತಿದೆ. ಬಲಬಾಗಿಲು ತೆರೆಯಿತು, ಬಲಗಾಲು ಇಳಿಯಿತು. ತಾವು ತೆರೆಯಲಿಲ್ಲ. ಮತ್ತೆ ಸುತ್ತಿಸಿದೆ, ಮತ್ತೆ ಒತ್ತಿದೆ. ತಾವು ತೆರೆಯಲಿಲ್ಲ, ಇಳಿದ ಬಲಗಾಲೂ ಮೇಲೇರಲಿಲ್ಲ. ಹಿಂದಿನಿಂದ ಹಾಲಿಸ್ ಅವರು "ಇಳ್ಸಮ್ಮಾ ಇಳ್ಸು, ಎಣ್ಣೆ ಮುಗಿಯತ್ತೆ!" ಎಂದು ಕೂಗುತ್ತಿದ್ದರು. ಇಳಿಸಿದೆ. ಒಂಟಿಗಾಲಿನಲ್ಲಿ ಇಳಿದ ಕೊಕ್ಕರೆ ಎಡಕ್ಕೆ ವಾಲಿ ಹೇಗೆ ಸುತ್ತಿತೆಂಬುದನ್ನು ತಾವು ಒಳಗಿನಿಂದಲೇ ಅನುಭವಿಸಿದ್ದೀರಿ.

ಮನೆಗೆ ಬಂದು ಮೊದಲು ತಮ್ಮ ಪಕ್ಷ ವಹಿಸಲು ಯತ್ನಿಸಿದೆ ಎಂದರೆ ತಾವು ನಂಬಬೇಕು. ಇದು ಮುಷ್ಕರವಿರಬಹುದೆಂದು ಕಿರುಹೊತ್ತಿಗೆಯನ್ನು ತೆರೆದೆ. ಮುಷ್ಕರಕ್ಕೆ ಮುಂಚಿತ ನೋಟೀಸು ಬೇಕು, ಬೇಡಿಕೆ ಬೇಕು, ಸಂಗಾತಿಗಳು ಬೇಕು. ತಾವು ನೋಟೀಸು ಕೊಟ್ಟಿಲ್ಲ. ತಮ್ಮ ಬೇಡಿಕೆ ಏನೆಂದು ತಿಳಿದಿಲ್ಲ. ತಮ್ಮ ಏಕೈಕ ಸಂಗಾತಿಯಾದ ಬಲಬಾಗಿಲು ಆ ಹೊತ್ತಿನಲ್ಲಿ ದುಡಿಯುತ್ತಿತ್ತು. ಮೇಲಿನವರು ನೋಡುತ್ತಿರುವಾಗ ಹನ್ನೊಂದು ಸಲ ತೆರೆದು, ಒಬ್ಬ ಮುದುಕಿಗೆ ಬೇಕಾದಾಗ ಮುಚ್ಚಿಕೊಂಡವರನ್ನು ಕಾರ್ಮಿಕರೆನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ಆದ್ದರಿಂದ ತಾವು ಅಧಿಕಾರಿಗಳೇ ಇರಬೇಕೆಂದು ತೀರ್ಮಾನಿಸಿ, ತಮ್ಮ ಕಚೇರಿಯ ವೇಳೆಯನ್ನು ಒಂದು ಫಲಕದಲ್ಲಿ ಬರೆದು ತೂಗುಹಾಕಬೇಕೆಂದೂ, ಊಟದ ವಿರಾಮ ನೆಲದಿಂದ ನಲವತ್ತು ಅಡಿ ಎತ್ತರದಲ್ಲಿ ಬಾರದಂತೆ ನೋಡಿಕೊಳ್ಳಬೇಕೆಂದೂ ಕೋರುತ್ತೇನೆ.

ಆದರೆ ಚಿಕ್ಕಜ್ಜಿ? ವಿಮಾನ ಬಿದ್ದ ಕೂಡಲೇ, ಮುರಿದ ಪ್ರೊಪೆಲರು ಹಿಡಿದುಕೊಂಡು, ಕ್ಷಮೆ ಕೇಳುವ ಮಾತು ಜೋಡಿಸಿಕೊಂಡು ಅವರ ಬಳಿ ಹೋದೆ. ಅವರು ಚಹಾ ಚೆಲ್ಲಿಕೊಂಡು ಎದ್ದು ನಿಂತಿದ್ದರು.

"ನೋಡ್ದೆ ಕಣೇ! ತೆಗೀತು! ನಂದು ತೆಗೀತು!"

"ಬಲಗಡೇದು ಮಾತ್ರ ಚಿಕ್ಕಜ್ಜಿ. ಎಡಗಡೇದು..."

"ನಂದು ಬಲಗಡೇನೇ! ಎಡಗಡೆ ಬೆಂಚು ಬರ್ನೀಸ್‌ದು. ಅವ್ಳು ಲಿಪ್‌ಸ್ಟಿಕ್ ಹಚ್ಕೊಳ್ತಾ ರಿವೆಟ್ ಹೊಡೀತಿದ್ಲು. ಇದು ತೆಗೆಯಲ್ಲ ಬಿಡು ಅಂತ ಆವತ್ತೇ ಹೇಳಿದ್ದೆ."

"ಈ ಎಡಬಾಗ್ಲು ಮಾಡಿದ್ದು ನಾನು, ಚಿಕ್ಕಜ್ಜಿ."

"ಹಂಗಾದ್ರೆ ನೀನೂ ಅವ್ಳ ಹತ್ರಾನೇ ಕಲ್ತಿದೀಯ."

ದುಡಿಯುವವರ ಒಗ್ಗಟ್ಟಿನ ಬಗ್ಗೆ ನಾನು ಆರು ಹೊತ್ತಿಗೆಗಳನ್ನು ಓದಿದ್ದೇನೆ. ನೀವೂ ಬರ್ನೀಸ್ ಅವರೂ ಒಂದೇ ವರ್ಗದವರಲ್ಲವೇ ಎಂದು ಚಿಕ್ಕಜ್ಜಿಗೆ ತಿಳಿಹೇಳಿದೆ. ಚಿಕ್ಕಜ್ಜಿ ಟೋಪಿ ಸರಿಮಾಡಿಕೊಂಡು ಹೇಳಿದರು: "ಒಂದೇ ವರ್ಗ ಇರ್ಬೋದು ಕಣೇ. ಒಂದೇ ಬೆಂಚಲ್ಲ."

ಇನ್ನು, ಬರೆಯಲು ಮನಸ್ಸಿಲ್ಲದ ಒಂದು ವಿಷಯವಿದೆ. ಭಾನುವಾರ ಬೆಳಿಗ್ಗೆ ವಿಮಾನದ ಗಾಳಿ ಡಬ್ಬಿಯ ಮುಳ್ಳು ನೋಡಿದೆ. ತಮ್ಮನ್ನೂ ಕಾಲುಗಳನ್ನೂ ನೂಕುವ ಗಾಳಿ ತುಂಬಿರುವುದು ಆ ಒಂದೇ ಡಬ್ಬಿಯಲ್ಲಿ. ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಹನ್ನೊಂದು ಪ್ರದರ್ಶನಗಳಿಗೆ ಗಾಳಿಯನ್ನೆಲ್ಲ ಖರ್ಚುಮಾಡಿ, ಮತ್ತೆ ತುಂಬಿಸದೆ, ಹೊಗಳಿಕೆಯ ಅಮಲಿನಲ್ಲಿ ನಾನೇ ಹಾರಿಸಿದ್ದೆ. ಉಳಿದ ಒಂದು ಗುಟುಕಿಗೆ ಸಡಿಲ ಬಲಬಾಗಿಲು ತೆರೆಯಿತು. ಕಾಗದವೂ ತೂರದಂತೆ ನಾನೇ ಬಿಗಿಮಾಡಿದ ತಾವು ತೆರೆಯಲಾಗಲಿಲ್ಲ. ಉಸಿರು ಕೊಡದೆ ಕೆಲಸ ಕೇಳಿ, ಕೆಲಸವಾಗದಿದ್ದಾಗ ಉದ್ದುದ್ದ ಪತ್ರ ಬರೆಯುವವರನ್ನು ನನ್ನ ಹೊತ್ತಿಗೆಗಳು ಏನೆಂದು ಕರೆಯುತ್ತವೆಂದು ತಮಗೆ ತಿಳಿದಿರಲಾರದು. ನನಗೆ ತಿಳಿದಿದೆ. ನಾಲ್ಕನೆಯ ಪುಟ, ಅಡಿಗೆರೆ ನನ್ನದೇ.

ಆದರೂ ದೂರನ್ನು ಹಿಂತೆಗೆದುಕೊಳ್ಳುತ್ತಿಲ್ಲ, ವಿಳಾಸವನ್ನಷ್ಟೇ ಬದಲಾಯಿಸಬೇಕಾಗಿದೆ. ಹೊಸ ವಿಳಾಸ ನನ್ನದೇ ಆಗಿರುವುದರಿಂದ ಅಂಚೆಚೀಟಿ ಉಳಿಯಿತು.

ತಮ್ಮ ಬಿಗಿತನದ ಮುಂದೆ ಸಡಿಲಳಾದ,
ತಮ್ಮ ವಿಶ್ವಾಸಿ,
ಡಾರ್ಲಾ ಪ್ರೂಯಿಟ್

ತಾ.ಕ.: ಸುದ್ದಿ ಬರ್ನೀಸ್ ಅವರ ಕಿವಿಗೂ ಬಿದ್ದಿದೆ. ಅವರಿನ್ನೂ ಗಟ್ಟಿಮುಟ್ಟಾಗಿದ್ದು, ಎರಡು ಊರಿನಾಚೆಯಿಂದ ಫೋನು ಮಾಡಿದ್ದರು. ಗಾಳಿ ಡಬ್ಬಿಯ ವಿಷಯ ಹೇಳಿದ ಕೂಡಲೇ, "ನಂಗೊತ್ತಿತ್ತು! ಇಬ್ಬರ ಗನ್ನಿಗೂ ಒಂದೇ ಗಾಳಿ ಪೈಪು. ಆ ಒಲೀಟಾ ಆವಾಗ್ಲೂ ನನ್ ಪಾಲಿನ ಗಾಳೀನ ಎಳ್ಕೊಂಡುಬಿಡೋಳು!" ಎಂದರು. ಮುಂದಿನ ತಿಂಗಳ ಪ್ರದರ್ಶನಕ್ಕೆ ಖುದ್ದಾಗಿ ಬಂದು ಚಿಕ್ಕಜ್ಜಿಯ ಪಕ್ಕದ ಕುರ್ಚಿಯಲ್ಲೇ ಕೂರುತ್ತಾರಂತೆ. ಅಂದು ಡಬ್ಬಿ ತುಂಬಿರುತ್ತದೆ, ಯಾರು ಕೇಳಿದರೂ ನೆಲದ ಮೇಲೆ ಒಂದು ಸಲವೂ ತೋರಿಸುವುದಿಲ್ಲ, ತಮ್ಮ ಅಂಚನ್ನೂ ಕೂದಲೆಳೆಯಷ್ಟು ಉಜ್ಜಿದ್ದೇನೆ. ತಾವು ತೆರೆಯದಿರಲು ಇನ್ನು ಯಾವ ನೆಪವೂ ಇಲ್ಲ, ಒಂದರ ಹೊರತು: ಚಿಕ್ಕಜ್ಜಿ ದಿನಾ ಸಂಜೆ ಶೆಡ್ಡಿಗೆ ಬಂದು, ಕೈಯಿಂದ ತಡವಿ ತಮ್ಮನ್ನು ಹುಡುಕಿ, ಬೆನ್ನು ತಟ್ಟಿ, "ಹಂಗೇ ಇರು ಕಂದ, ಜಪ್ಪಯ್ಯ ಅಂದ್ರೂ ತೆಗೀಬೇಡ" ಎಂದು ಹೇಳಿಹೋಗುತ್ತಿದ್ದಾರೆ.