ಗ್ಯಾರೇಜಿನೊಳಗಿಂದ ಚಪ್ಪಾಳೆ

“ನಮ್ಮ ಗ್ಯಾರೇಜಿನ ವೈರಿಂಗ್ ನೋಡೋಕೆ ಬೀದಿಯವರೆಲ್ಲ ಬರಬೇಕು, ಹಾಗೆ ಮಾಡಿಸ್ತೀನಿ” ಎಂದು ಕಾನೂನುರಾಯರು ಘೋಷಿಸಿದ್ದರು. ಬೀದಿಯವರೆಲ್ಲ ಬಂದರು ಕೂಡ. ಆದರೆ ಅವರು ನೋಡಿದ್ದು ವೈರಿಂಗನ್ನಲ್ಲ!

ಕಾನೂನುರಾಯರು ಎಂಬುದು ಭಾವಮೈದುನ ಇಟ್ಟ ಹೆಸರು. ಚಪ್ಪಲಿ ಯಾವ ಕಡೆಗೆ ಮುಖ ಮಾಡಿರಬೇಕು ಎಂಬುದಕ್ಕೂ ಆ ಮನೆಯಲ್ಲಿ ನಿಯಮವುಂಟು. ನಿಯಮ ಮಾಡುವವರು ರಾಯರು, ಪಾಲಿಸುವವಳು ಹೆಂಡತಿ. ಡಾಕ್ಟರು ಸಿಹಿ ಬಿಡಿ ಎಂದಾಗ, “ನಾನು ಗೋಗರೆದರೂ ಕೊಡಬೇಡ” ಎಂದು ಆಕೆಗೆ ಅಪ್ಪಣೆ ಕೊಟ್ಟರು. ಅಂದು ಸಂಜೆಯೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಗೋಗರೆದರು. ಆಕೆ ಕರಗಿ ಒಂದು ತುಂಡು ಕೇಕು ಕೊಟ್ಟಳು. ರಾಯರು ತಿಂದು, ಬಾಯಿ ಒರೆಸಿಕೊಂಡು, “ಕೇಳಿದ ತಕ್ಷಣ ಕೊಟ್ಟುಬಿಡೋದಾ? ಒಂದು ನಿಯಮ ಅಂದ್ರೆ ನಿಯಮ ಅಲ್ವಾ?” ಎಂದು ಆಕೆಯನ್ನೇ ಗದರಿದರು. ಆಕೆ ಅದನ್ನು ಮರೆಯಲಿಲ್ಲ.

ಆಕೆ ಕೇಕು ಮಾಡಿ ಮಾರುತ್ತಿದ್ದಳು. ದೊಡ್ಡ ಓವನ್ ಕೊಂಡದ್ದೇ ತಡ, ಅದನ್ನು ಹಚ್ಚಿದಾಗಲೆಲ್ಲ ಮನೆಯ ಕರೆಂಟು ಕಣ್ಣು ಮುಚ್ಚುತ್ತಿತ್ತು. ಹಾಗಾಗಿ ಓವನ್ ಇಡಲೆಂದು ಗ್ಯಾರೇಜಿಗೆ ಹೊಸ ಲೈನುಗಳು. ರಾಯರು ಅಡ್ಡದಾರಿ ಹಿಡಿಯುವವರೇ? ಅರ್ಜಿ ಹಾಕಿ ಪರವಾನಗಿ ಪಡೆದರು, ಲೈಸೆನ್ಸ್ ಇರುವ ಭಾವಮೈದುನನ ಕೈಯಲ್ಲೇ ಕೆಲಸ ಮಾಡಿಸಿದರು. ಇನ್ನು ಇನ್ಸ್‌ಪೆಕ್ಟರ್ ನೋಡಿ ಒಪ್ಪಿದರೆ ಮುಗಿಯಿತು. ಅವರು ಬರುವುದು ಇವತ್ತು, ತಪ್ಪಿದರೆ ಮುಂದಿನ ತಿಂಗಳು. ನಾಳೆ ಶಾಲೆಯ ವಾರ್ಷಿಕೋತ್ಸವಕ್ಕೆ ಇಡೀ ಶಾಲೆಗಾಗುವಷ್ಟು ಕೇಕು ಕೊಡುತ್ತೇನೆಂದು ಆಕೆ ಒಪ್ಪಿಕೊಂಡಿದ್ದಳು. ಅಷ್ಟು ದೊಡ್ಡ ಆರ್ಡರು ಆಕೆಗೆ ಬಂದದ್ದು ಅದೇ ಮೊದಲು.

ಇನ್ಸ್‌ಪೆಕ್ಟರ್ ಬರುವ ಮೊದಲು ಸ್ವಿಚ್‌ಬೋರ್ಡುಗಳ ತಿರುಪುಗಳನ್ನು ಇನ್ನೊಮ್ಮೆ ಬಿಗಿ ಮಾಡುವ ಉತ್ಸಾಹ ರಾಯರಿಗೆ ಬಂತು. ಹಣೆಗೆ ಟಾರ್ಚ್ ಕಟ್ಟಿಕೊಂಡರು.

“ನೋಡು, ನಾನು ಒಳಗೆ ಹೋಗಿ, ಧೂಳು ಬರದ ಹಾಗೆ ಬಾಗಿಲು ಹಾಕ್ಕೊಂಡು ಕೂಗ್ತೀನಿ. ನೀನು ಮನೇಲಿ ಮೇನ್ ಆಫ್ ಮಾಡಿ, ಪೆಟ್ಟಿಗೆಗೆ ಈ ಬೀಗ ಒತ್ತಿಬಿಡು. ಕೀಲಿ ನನ್ನ ಜೇಬಲ್ಲೇ ಇರುತ್ತೆ. ಆಮೇಲೆ ನಾನು ಎಷ್ಟೇ ಬಡ್ಕೊಂಡ್ರೂ ಮೇನ್ ಆನ್ ಮಾಡಬಾರದು.”

“ನೀವೇ ಹೇಳಿದ್ರೂ?”

“ನಾನೇ ಹೇಳಿದ್ರೂ.”

ಎಲ್ಲವೂ ಹಾಗೆಯೇ ನಡೆಯಿತು. ತಿರುಪುಗಳು ಬಿಗಿಯಾದವು. ರಾಯರು ಗೆದ್ದವರಂತೆ ಬಾಗಿಲಿನ ಬಟನ್ ಒತ್ತಿದರು. ಬಾಗಿಲು ಅಲ್ಲಾಡಲಿಲ್ಲ. ಅಲ್ಲಾಡುವುದು ಹೇಗೆ? ಅದು ಕರೆಂಟಿನ ಬಾಗಿಲು! ಗ್ಯಾರೇಜಿಗೆ ಇದ್ದದ್ದು ಅದೊಂದೇ. ಕರೆಂಟು ಹೋದಾಗ ಎಳೆದು ತೆರೆಯಲೆಂದು ಒಂದು ಕೆಂಪು ಹಗ್ಗ ಮೇಲಿನಿಂದ ನೇತಾಡುತ್ತಿತ್ತು. ತಲೆಗೆ ತಾಗುತ್ತದೆಂದು ಅದನ್ನು ಹೋದ ತಿಂಗಳಷ್ಟೇ ರಾಯರೇ ಬುಡಸಮೇತ ಕತ್ತರಿಸಿ ಎಸೆದಿದ್ದರು.

“ಲೇ, ಮೇನ್ ಆನ್ ಮಾಡೇ!”

“ಆಗಲ್ಲ ರೀ. ನಿಯಮ.”

“ನಿಯಮ ಮಾಡಿದವನೇ ಹೇಳ್ತಿದೀನಲ್ಲೇ!”

“ಕೇಕು ಕೇಳಿದ್ದೂ ನೀವೇ.”

ರಾಯರು ಬಾಗಿಲು ಬಡಿದರು. ಪಕ್ಕದ ಮನೆಯವರು ಬಂದರು, ಎದುರು ಮನೆಯವರು ಬಂದರು. ಅದೇ ಹೊತ್ತಿಗೆ ಇನ್ಸ್‌ಪೆಕ್ಟರ್ ಸಾಹೇಬರೂ ಬಂದು ಇಳಿದರು. ಹೆಂಡತಿ ನಡೆದದ್ದೆಲ್ಲ ಹೇಳಿ, “ಈಗ ಆನ್ ಮಾಡಿದರೆ ತಪ್ಪಾಗುತ್ತಾ ಸಾರ್? ನಾಳೆ ಕೇಕು ಕೊಡಬೇಕು” ಎಂದಳು.

ಸಾಹೇಬರು ಗಂಭೀರವಾಗಿ ಬಾಗಿಲಿನ ಬಳಿ ಬಗ್ಗಿದರು. “ಯಜಮಾನ್ರೇ, ಕೀಲಿ ನೀವೇ ಕೈಯಾರೆ ಹೊರಗೆ ತಳ್ಳಿ. ವೈರಿನ ಹತ್ರ ಇರಬೇಡಿ, ಮಧ್ಯೆ ಬಂದು ನಿಂತ್ಕೊಳ್ಳಿ. ಎರಡು ಕೈಯೂ ಎಲ್ಲಿವೆ ಅಂತ ನಮಗೆ ಗೊತ್ತಾಗಬೇಕು. ಬಾಗಿಲು ಪೂರ್ತಿ ತೆರೆಯೋವರೆಗೂ ಚಪ್ಪಾಳೆ ತಟ್ತಾ ಇರಿ.”

ಬಾಗಿಲಿನಡಿಯಿಂದ ಕೀಲಿ ಹೊರಬಂತು. ಒಳಗಿನಿಂದ ಚಪ್ಪಾಳೆ ಶುರುವಾಯಿತು. ಹೆಂಡತಿ ಓಡಿಹೋಗಿ ಮೇನ್ ಹಾಕಿದಳು. ಬಾಗಿಲು ನಾಟಕದ ಪರದೆಯಂತೆ ನಿಧಾನವಾಗಿ ಮೇಲೇರಿತು. ಮೊದಲು ಚಪ್ಪಲಿ ಕಂಡವು, ಆಮೇಲೆ ಪೈಜಾಮ, ಆಮೇಲೆ ಹೊಟ್ಟೆ, ಅದಕ್ಕೂ ಮೇಲೆ ಪಟಪಟನೆ ಚಪ್ಪಾಳೆ ತಟ್ಟುತ್ತಿದ್ದ ಎರಡು ಕೈ, ಕೊನೆಗೆ ಟಾರ್ಚ್ ಉರಿಯುತ್ತಿದ್ದ ಹಣೆ. ನೆರೆದವರೂ ಚಪ್ಪಾಳೆ ತಟ್ಟಿದರು. ರಾಯರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಾಹೇಬರು ಒಂದೊಂದೇ ಲೈನು ಪರೀಕ್ಷಿಸಿ, “ಕೆಲಸ ಅಚ್ಚುಕಟ್ಟಾಗಿದೆ, ಪಾಸು. ಆ ಕೆಂಪು ಹಗ್ಗ ಮಾತ್ರ ಇವತ್ತೇ ಕಟ್ಟಿಸಿ. ಮೇನಿನ ಕೀಲಿ ಅಮ್ಮಾವ್ರ ಹತ್ರ ಇರಲಿ” ಎಂದರು. ಹೆಂಡತಿಯ ಮುಖ ಅರಳಿತು. ಅವಳನ್ನು ನೋಡಿ ರಾಯರಿಗೂ ಅವಮಾನ ಅರ್ಧ ಮರೆತೇಹೋಯಿತು.

ಸಂಜೆ ಹೊಸ ಲೈನಿನಲ್ಲಿ ಓವನ್ ಉರಿಯಿತು, ಮನೆಯ ದೀಪ ಒಂದೂ ಮಿಣುಕಲಿಲ್ಲ. ಘಮಘಮಿಸುವ ಕೇಕುಗಳು ಗ್ಯಾರೇಜಿನ ಮೇಜಿನ ತುಂಬ ಸಾಲಾಗಿ ಕುಳಿತವು. “ಡಬ್ಬಿಗಳನ್ನ ತರ್ತೀನಿ, ನೋಡ್ಕೊಂಡಿರಿ” ಎಂದು ಹೆಂಡತಿ ಅಡುಗೆಮನೆಗೆ ಹೋದಳು. ರಾಯರು ಒಬ್ಬರೇ ಉಳಿದರು. ಅತ್ತಿತ್ತ ನೋಡಿದರು. ಕೈ ಮೆಲ್ಲಗೆ ಮೇಜಿನತ್ತ ಚಾಚಿತು.

ಒಳಗಿನಿಂದ ಹೆಂಡತಿಯ ದನಿ ಕೇಳಿಸಿತು. “ರೀ, ಚಪ್ಪಾಳೆ ಕೇಳಿಸ್ತಾ ಇಲ್ವಲ್ಲ?”

ಕಾನೂನುರಾಯರು ಚಪ್ಪಾಳೆ ತಟ್ಟತೊಡಗಿದರು.