ಕಪ್ಪುದ್ರವ್ಯಕ್ಕೆ ಕಮಲಾಪುರದ ಆಕ್ಷೇಪ

ವಿಶ್ವದ ಬಹುಪಾಲು ತೂಕ ಯಾವುದರಿಂದ ಆಗಿದೆ ಎಂಬುದನ್ನು ಶಹಾಬಜಾರದ ನಮ್ಮ ಬಾಡಿಗೆ ಮನೆಯಲ್ಲಿ ಕೂತು ನಾನು ಕಂಡುಹಿಡಿದಿದ್ದೆ. ಅದು ತೊಂಬತ್ತರ ದಶಕ. ಕಲಬುರಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ ನಾನು ಆರು ವರ್ಷ ಬರೆದ ಪಿಎಚ್.ಡಿ. ಪ್ರಬಂಧದ ಐದು ಪ್ರತಿಗಳು ರಟ್ಟು ಹಾಕಿಸಿಕೊಂಡು ಕೂತಿದ್ದವು. ಸೋಮವಾರ ಸಲ್ಲಿಸುವುದೊಂದೇ ಬಾಕಿ.

ಅದಕ್ಕೂ ಮೊದಲು, ಶನಿವಾರ, ಕಮಲಾಪುರದ ಪ್ರೌಢಶಾಲೆಯಲ್ಲಿ ನನ್ನ ಭಾಷಣ. ನನ್ನ ಹೆಂಡತಿ ನಿರ್ಮಲಾ ಅಲ್ಲಿ ಗಣಿತದ ಟೀಚರು. "ಎಲ್ಲಾರಿಗೂ ತಿಳಿಯೋ ಹಂಗ ಹೇಳ್ರಿ" ಎಂದು ಬಸ್ಸಿನಲ್ಲೇ ಎಚ್ಚರಿಸಿದ್ದಳು.

ತಿಳಿಯುವ ಹಾಗೆಯೇ ಹೇಳಿದೆ. ಅದೇ ತಪ್ಪಾಯಿತು!

ಗ್ಯಾಲಕ್ಸಿಗಳು ತಿರುಗುವ ವೇಗಕ್ಕೆ, ಕಾಣುವ ನಕ್ಷತ್ರಗಳ ಸೆಳೆತವೊಂದೇ ಅವನ್ನು ಹಿಡಿದಿಡಲು ಸಾಲದು. ಕಾಣದ ದ್ರವ್ಯವೂ ಇರಬೇಕು. ಅದೇ ಕಪ್ಪುದ್ರವ್ಯ. ನನ್ನ ಸಿದ್ಧಾಂತದ ಪ್ರಕಾರ ಅದೊಂದು ಭಾರವಾದ ಕಣ. ವಿಶ್ವ ಹುಟ್ಟಿದಾಗ ಅಂಥವು ಲೆಕ್ಕವಿಲ್ಲದಷ್ಟಿದ್ದವು. ಎರಡು ಡಿಕ್ಕಿಯಾದರೆ ಎರಡೂ ನಾಶ. ಹಾಗೆ ನಾಶವಾಗದೆ ಉಳಿದವೇ ಇಂದಿನ ಕಪ್ಪುದ್ರವ್ಯ.

"ಡಿಕ್ಕಿ ಹೆಚ್ಚಿದಷ್ಟೂ ಉಳಿಯುವ ಕಣಗಳು ಹೆಚ್ಚು. ಇದೇ ನನ್ನ ಶೋಧ!" ಎಂದು ಸೂತ್ರ ಬರೆದೆ. ಚಪ್ಪಾಳೆ ಬಿತ್ತು.

ಚಹಾ ತಂದಿದ್ದ ಶಾಲೆಯ ಆಯಾ ಚಂದಮ್ಮ ಬಾಗಿಲಲ್ಲೇ ನಿಂತಿದ್ದಳು. "ಸರ್, ಒಂದು ಮಾತು ಕೇಳ್ಲೇನ್ರೀ? ಬಡಿದಾಡಿದ ಇಬ್ಬರೂ ಸಾಯ್ತಾರ ಅಂದ್ರಿ. ಬಡಿದಾಟ ಜಾಸ್ತಿ ಆದ್ರ ಉಳಿಯೋರು ಕಮ್ಮಿ ಆಗಬೇಕಲ್ರೀ?"

ನಾನು ಕರುಣೆಯಿಂದ ನಕ್ಕೆ. "ಪ್ರಯೋಗ ಮಾಡಿಯೇ ನೋಡೋಣ" ಎಂದೆ. ಪ್ರಯೋಗ ಬೇಕೆಂದು ಯಾರೂ ಕೇಳಿರಲಿಲ್ಲ!

ಒಂಬತ್ತನೇ ತರಗತಿಯ ಇಪ್ಪತ್ತು ಹುಡುಗಿಯರು ಕಣಗಳಾಗಿ ಮೈದಾನಕ್ಕಿಳಿದರು. ಕಣ್ಣು ಮುಚ್ಚಿ ನಡೆಯಬೇಕು, ಒಬ್ಬರಿಗೊಬ್ಬರು ತಾಗಿದರೆ ಇಬ್ಬರೂ ಕೂರಬೇಕು. ಒಂದು ನಿಮಿಷ ಮೆಲ್ಲಗೆ ನಡೆದಾಗ ಎಂಟು ಮಂದಿ ಉಳಿದರು. ಮತ್ತೆ ಎಲ್ಲರೂ ಎದ್ದು ಬಿರುಸಾಗಿ ನಡೆದಾಗ ಇಬ್ಬರು. "ಇನ್ನೂ ಬಿರುಸಾಗಿ!" ಎಂದು ಕೂಗಿದೆ. ಯಾರೂ ಉಳಿಯಲಿಲ್ಲ.

ಹೆಡ್‌ಮಾಸ್ತರರು ಗಂಭೀರವಾಗಿ ವಂದನಾರ್ಪಣೆ ಮಾಡಿದರು. ಚಂದಮ್ಮ ಬಂದು, "ತಪ್ಪು ತಿಳೀಬ್ಯಾಡ್ರಿ ಸರ್" ಎಂದಳು. ತಪ್ಪು ತಿಳಿದವನು ಆರು ವರ್ಷದಿಂದ ನಾನೇ ಆಗಿದ್ದೆ.

ಮರಳುವ ಬಸ್ಸಿನಲ್ಲಿ ನಿರ್ಮಲಾಳ ಪಕ್ಕ ಕೂತೆ. "ನಿನಗ ಮೊದಲೇ ಗೊತ್ತಿತ್ತೇನು?" ಎಂದೆ.

"ಹೋದ ವರ್ಷ ಇದನ್ನೇ ಕೇಳಿದ್ದೆ ರೀ. 'ನೀ ನಿನ್ನ ಎಸ್ಸೆಸ್ಸೆಲ್ಸಿ ಲೆಕ್ಕ ನೋಡ್ಕೋ' ಅಂದ್ರಿ."

ಅಂದಿದ್ದೆ. ನೆನಪಿತ್ತು. ಹುಡುಗಿಯರೆದುರು ಆಗದಿದ್ದ ನಾಚಿಕೆ ಆಗ ಆಯಿತು. "ತಪ್ಪಾಯ್ತು" ಎಂದೆ. ಅವಳು ಕಿಟಕಿಯಾಚೆ ನೋಡುತ್ತಲೇ, "ನಾಳಿ ಇಬ್ಬರೂ ಕೂತು ನೋಡೋಣ" ಎಂದಳು.

ರವಿವಾರ ಅಡುಗೆಮನೆಯಲ್ಲಿ ಕೂತು ಒಂದೊಂದೇ ಪುಟ ತಿರುವಿದೆವು. ನಲವತ್ಮೂರನೆಯ ಪುಟದಲ್ಲಿ ಅವಳ ಪೆನ್ಸಿಲು ನಿಂತಿತು. ಭಿನ್ನರಾಶಿಯೊಂದು ತಲೆಕೆಳಗಾಗಿತ್ತು. ಉಳಿಕೆ ಮಿತಿಮೀರದಿರಲೆಂದು ನಾನು ಡಿಕ್ಕಿಗಳನ್ನು ತೀರ ಕಡಿಮೆ ಇಟ್ಟಿದ್ದೆ. ಭಿನ್ನರಾಶಿಯನ್ನು ನೆಟ್ಟಗೆ ಮಾಡಿ ಲೆಕ್ಕ ಹಾಕಿದರೆ, ನನ್ನ ಕಣಗಳು ಎಷ್ಟು ಉಳಿಯುತ್ತಿದ್ದವೆಂದರೆ, ಅವುಗಳ ಸೆಳೆತಕ್ಕೆ ಇಡೀ ವಿಶ್ವ ಭೂಮಿ ಹುಟ್ಟುವ ಮೊದಲೇ ಕುಸಿದುಬಿಡಬೇಕಿತ್ತು.

"ಮತ್ತ ನಾವು ಹ್ಯಾಂಗ ಕುಂತೀವಿ?" ಎಂದಳು ನಿರ್ಮಲಾ.

ಪ್ರಬಂಧಕ್ಕೆ ಇದಕ್ಕಿಂತ ಬಲವಾದ ಆಕ್ಷೇಪ ಇರಲಿಲ್ಲ. ಸೋಮವಾರ ನಾನು ಸಲ್ಲಿಸಿದ್ದು ಒಂದು ರಜೆ ಅರ್ಜಿ ಮಾತ್ರ. ಅದೂ ವಾಪಸು ಬಂತು. ದಿನಾಂಕ ತಪ್ಪಿತ್ತು!