ಕತ್ತಿನ ಮೇಲೊಂದು ಪಾಠ

ಪರೀಕ್ಷೆಯ ದಿನ ಬೆಳಿಗ್ಗೆ ಡಾಕ್ಟರು ಕನ್ನಡಿಯ ಮುಂದೆ ನಿಂತು, ಆಪರೇಷನ್ನಿಗೆ ಮುಂಚೆ ರೋಗಿಯ ಚರ್ಮಕ್ಕೆ ಗುರುತು ಹಾಕುವ ಪೆನ್ನಿನಿಂದ ತಮ್ಮ ಕತ್ತಿನ ಮೇಲೆಯೇ ಥೈರಾಯ್ಡ್ ಗ್ರಂಥಿಯ ಚಿತ್ರ ಬರೆದುಕೊಂಡರು. ಎಡವಟ್ಟೆಲ್ಲ ಶುರುವಾದದ್ದು ಅಲ್ಲಿಂದ.

ಹಾಗೆ ಬರೆದುಕೊಳ್ಳಲು ಕಾರಣವಿತ್ತು. ಸರ್ಜನ್ ಆಗುವ ಪರೀಕ್ಷೆಯಲ್ಲಿ ಅವರು ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದರು. ಎರಡು ಸಲವೂ ಕಾಲು ಜಾರಿದ್ದು ಥೈರಾಯ್ಡಿನ ರಕ್ತನಾಳಗಳಲ್ಲಿ. ಮೊದಲ ಸಲ, ಮೇಲಿನ ನಾಳವನ್ನು ಗ್ರಂಥಿಯಿಂದ ದೂರ, ಸ್ವರದ ನರ ಸಿಕ್ಕಿಕೊಳ್ಳುವ ಜಾಗದಲ್ಲಿ ಕಟ್ಟುತ್ತೇನೆ ಎಂದಿದ್ದರು. “ನಿಮ್ಮ ರೋಗಿ ಇನ್ನು ಹಾಡೋ ಹಾಗಿಲ್ಲ, ಹೋಗಿ ಬನ್ನಿ” ಎಂದರು ಪರೀಕ್ಷಕರು. ಎರಡನೆಯ ಸಲ, ಸ್ವರದ ನರ ಎಲ್ಲಿದೆ ಎಂದು ನೋಡದೆಯೇ ಕೆಳಗಿನ ನಾಳವನ್ನು ಕಟ್ಟಿಬಿಟ್ಟರು, ಬಾಯಲ್ಲೇ. “ಇವರು ಮಾತಾಡೋ ಹಾಗೂ ಇಲ್ಲ” ಎಂದು ಮತ್ತೆ ಮನೆಗೆ ಕಳಿಸಿದರು. ಡಾಕ್ಟರ ಕೈಕೆಳಗೆ ಕಲಿತವರು ಪಾಸಾಗಿ ಈಗ ಅವರಿಗೇ ಡ್ಯೂಟಿ ಹಂಚುತ್ತಿದ್ದರು. ಇನ್ನೂ ಆರು ತಿಂಗಳು ಆ ಅವಮಾನ ನುಂಗುವುದು ಡಾಕ್ಟರಿಂದ ಸಾಧ್ಯವಿರಲಿಲ್ಲ. ಈ ಸಲ ಪಾಸಾಗಿಯೇ ತೀರುತ್ತೇನೆ ಎಂದು ಪಣ ತೊಟ್ಟು ನಾಲ್ಕು ದಿನ ಗಟ್ಟಿಯಾಗಿ ಬಾಯಿಪಾಠ ಮಾಡಿದರು. ಪಾಠ ತಲೆಗೆ ಹತ್ತಿತು, ಗಂಟಲು ಮಾತ್ರ ಪೂರಾ ಕಟ್ಟಿಹೋಯಿತು.

ಕತ್ತಿನ ಮೇಲೆ ಮೇಲಿನಿಂದ ಎರಡು ಗೆರೆ ಇಳಿದವು, ಕೆಳಗಿನಿಂದ ಎರಡು ಹತ್ತಿದವು. ಮೇಲಿನವುಗಳ ಪಕ್ಕದಲ್ಲಿ ‘ಗ್ರಂಥಿಗೆ ಅಂಟಿಸಿ ಕಟ್ಟು’ ಎಂದೂ, ಕೆಳಗಿನವುಗಳ ಪಕ್ಕದಲ್ಲಿ ‘ಮೊದಲು ನರ ಹುಡುಕು, ಸಣ್ಣ ಕವಲು ಮಾತ್ರ ಕಟ್ಟು’ ಎಂದೂ ಬರೆದುಕೊಂಡು, ಓದಿ, ಒಪ್ಪಿ, ಸೋಪು ಹಾಕಿ ತೊಳೆದರು. ಒಂದು ಗೆರೆಯೂ ಹೋಗಲಿಲ್ಲ.

“ಏನ್ರೀ ಇದು ಅವತಾರ?” ಎಂದು ಹೆಂಡತಿ ಕೂಗಿದ್ದೇ ತಡ, ಪಕ್ಕದ ಮನೆಯ ನಿವೃತ್ತ ಕಾಂಪೌಂಡರು ಕರೆಯದೆಯೇ ಹಾಜರಾದರು.

“ನಲವತ್ತು ವರ್ಷದ ಸರ್ವೀಸು ನಂದು. ಸ್ಪಿರಿಟ್ ಹಾಕಿ ಉಜ್ಜಿದ್ರೆ ಬಣ್ಣ ಹೋಗ್ಲೇಬೇಕು!”

ಉಜ್ಜಿದರು. ಬಣ್ಣ ಹೋಗಲಿಲ್ಲ, ಕತ್ತು ಕೆಂಪಾಗಿ ಗಡ್ಡೆ ಎದ್ದವರ ಹಾಗೆ ಊದಿಕೊಂಡಿತು. ಆ ಗಡಿಬಿಡಿಯಲ್ಲಿ ಸ್ಪಿರಿಟ್ಟಿನ ಬಾಟಲಿ ಉರುಳಿ, ನೀಲಿ ನೀರೆಲ್ಲ ಕುರ್ಚಿಯ ಮೇಲಿದ್ದ ಬಿಳಿ ಕೋಟಿಗೆ ಇಳಿಯಿತು.

“ನೀವು ನಡೀರಿ ಸ್ವಾಮಿ, ಕೋಟು ತೊಳೆದು ನಾನೇ ತಂದ್ಕೊಡ್ತೀನಿ” ಎಂದರು ಕಾಂಪೌಂಡರು.

ಡಾಕ್ಟರು ಹೆಂಡತಿಯ ಶಾಲು ಸುತ್ತಿಕೊಂಡು ಓಡಿದರು. ಹಾಲ್ ಟಿಕೆಟ್ ಕೋಟಿನ ಜೇಬಿನಲ್ಲೇ ಉಳಿದದ್ದು ಪರೀಕ್ಷೆ ನಡೆಯುವ ದೊಡ್ಡಾಸ್ಪತ್ರೆಯ ಬಾಗಿಲಿಗೆ ಬಂದಾಗ ನೆನಪಾಯಿತು.

ಅಲ್ಲಿ ವಾರ್ಡಿನ ಸಿಸ್ಟರ್ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. ಪರೀಕ್ಷೆಗೆಂದು ಗೊತ್ತು ಮಾಡಿದ್ದ ಥೈರಾಯ್ಡ್ ರೋಗಿ, ದಿನವೆಲ್ಲ ಕತ್ತು ಹಿಸುಕಿಸಿಕೊಳ್ಳಲಾರೆ ಎಂದು ಬೆಳಿಗ್ಗೆಯೇ ಪರಾರಿಯಾಗಿದ್ದ. ಅಷ್ಟರಲ್ಲಿ ಶಾಲು ಹೊದ್ದು, ಕತ್ತು ಊದಿಸಿಕೊಂಡು, ಗುರುತು ಹಾಕಿಸಿಕೊಂಡ ಆಸಾಮಿಯೊಬ್ಬ ತಾನಾಗಿಯೇ ಎದುರಿಗೆ ಬಂದ.

“ನಾನು... ಡಾಕ್ಟರು... ಪರೀಕ್ಷೆಗೆ...” ಎಂದು ಡಾಕ್ಟರು ಪಿಸುಗುಟ್ಟಿದರು.

“ಅಯ್ಯೋ ಪಾಪ, ಸ್ವರಾನೂ ಹೋಗಿದೆ! ಪರೀಕ್ಷೆಗೇ ಅಲ್ವಾ? ಬನ್ನಿ ಬನ್ನಿ. ಇಲ್ಲಿ ನಾಲ್ಕು ದಿನ ಮಲಗಿದ ರೋಗಿಗಳೆಲ್ಲ ತಾವೇ ಡಾಕ್ಟರು ಅಂತಾರೆ” ಎನ್ನುತ್ತ ಸಿಸ್ಟರ್ ರಟ್ಟೆ ಹಿಡಿದು ಸ್ಟೂಲಿನ ಮೇಲೆ ಕೂರಿಸಿಯೇಬಿಟ್ಟರು.

ಪರೀಕ್ಷಕರು ಬಂದು ಡಾಕ್ಟರ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡರು. ಬೇರೆ ಊರಿನವರು, ಇವರ ಮುಖ ಕಂಡವರಲ್ಲ. “ಒಂದು ಮಾತು. ರೋಗಿ ಬಾಯಿ ಬಿಟ್ರೆ, ಎದುರಿಗಿರೋ ಅಭ್ಯರ್ಥಿ ಫೇಲು.”

ಎತ್ತಿದ್ದ ಕೈಯನ್ನು ಡಾಕ್ಟರು ಇಳಿಸಿದರು. ಎದುರಿಗೆ ಬಂದು ನಿಂತಿದ್ದ ಮೊದಲ ಅಭ್ಯರ್ಥಿ ಹುಡುಗಿಯ ಹೊಟ್ಟೆಯ ಮೇಲೆ ಹೊಡೆಯಲು ಮನಸ್ಸು ಬರಲಿಲ್ಲ. ಇವಳದು ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡರು. ಹುಡುಗಿ ಶಾಲು ಸರಿಸಿದಳು. ಅವಳ ಕಣ್ಣು ಅರಳಿತು.

“ಮೇಲಿನ ನಾಳ ಗ್ರಂಥಿಗೆ ಅಂಟಿಸಿ ಕಟ್ತೀನಿ ಸರ್. ಕೆಳಗೆ ಮೊದಲು ನರ ಹುಡುಕ್ತೀನಿ, ಆಮೇಲೆ ಸಣ್ಣ ಕವಲು ಮಾತ್ರ.”

“ಭೇಷ್! ಮುಂದಿನವರು!”

ಅವಳು ಹೊರಡುವ ಮುಂಚೆಯೇ ಇನ್ನೊಬ್ಬ ಬಂದು ನಿಂತಿದ್ದ. ಅವನೂ ಓದಿದ, ಪಾಸಾದ. ಹೀಗೆ ಐದು ಜನ ಅವರ ಕತ್ತು ನೋಡಿ ಗಂಡಾಂತರ ದಾಟಿದರು. ಡಾಕ್ಟರ ಹೊಟ್ಟೆ ಉರಿಯುತ್ತಿತ್ತು.

ಆರನೆಯವನನ್ನು ಪರೀಕ್ಷಕರು ಕೇಳಿದರು, “ನಾಲ್ಕೂ ನಾಳ ಸರಿ. ಕೆಲವರಿಗೆ ಐದನೆಯದೊಂದು ಇರುತ್ತಲ್ಲ, ಎಲ್ಲಿ?”

ಕತ್ತಿನ ಮೇಲೆ ಐದನೆಯದು ಇರಲಿಲ್ಲ. ಹುಡುಗ ಹಿಂದೆ ಮುಂದೆ ಹುಡುಕಿ, “ಗೊತ್ತಿಲ್ಲ ಸರ್. ಫೇಲ್ ಮಾಡಿಬಿಡಿ” ಎಂದ.

ಡಾಕ್ಟರಿಗೆ ತಡೆಯಲಾಗಲಿಲ್ಲ. ಎದ್ದು ನಿಂತು, ಇದ್ದಬದ್ದ ಗಂಟಲನ್ನೆಲ್ಲ ಒಟ್ಟುಗೂಡಿಸಿ ಕೂಗಿದರು. “ನಡುಮಧ್ಯದಲ್ಲಿ ಸರ್! ಎದೆ ಕಡೆಯಿಂದ ನೇರ ಮೇಲಕ್ಕೆ ಬರುತ್ತೆ! ಇದೆ ಅಂತ ಗೊತ್ತಿಲ್ದೆ ಕೊಯ್ದರೆ ತುದಿ ಎದೆಗೂಡಿನೊಳಕ್ಕೆ ಜಾರುತ್ತೆ, ರಕ್ತ ನಿಲ್ಸೋಕೆ ಕೈಗೇ ಸಿಗಲ್ಲ!”

ಪರೀಕ್ಷಕರು ಕುರ್ಚಿಯಿಂದ ಎದ್ದರು. “ಎಲಾ! ಎಷ್ಟು ಪರೀಕ್ಷೆ ಕಂಡಿದೀರಿ ನೀವು?”

“ಇದು ಮೂರನೇದು ಸರ್.”

“ಮೂರಕ್ಕೇ ಇಷ್ಟು ಕಲಿತ್ರಾ!”

ಅದೇ ಹೊತ್ತಿಗೆ ಕಾಂಪೌಂಡರು ಏದುಸಿರು ಬಿಡುತ್ತ ಒಳನುಗ್ಗಿದರು. “ಡಾಕ್ಟ್ರೇ, ತಗೊಳ್ಳಿ ಕೋಟು! ಹಾಲ್ ಟಿಕೆಟ್ ತೆಗೆದಿಟ್ಟು ಮತ್ತೆ ಜೇಬಿಗೇ ಹಾಕಿದೀನಿ. ಒಣಗಿಸಿ, ಇಸ್ತ್ರಿ ಮಾಡಿ ತರೋದಿಕ್ಕೆ ಚೂರು ತಡವಾಯ್ತು.”

ಪರೀಕ್ಷಕರು ಜೇಬಿನಲ್ಲಿದ್ದ ಹಾಲ್ ಟಿಕೆಟ್ ಬಿಡಿಸಿ, ಫೋಟೋ ನೋಡಿ, ಕತ್ತು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಮನುಷ್ಯ ಒಳ್ಳೆಯವರು.

“ಹೊತ್ತು ಮೀರಿಲ್ಲ. ಇಷ್ಟು ತಿಳ್ಕೊಂಡೋರನ್ನ ವಾಪಸ್ ಕಳಿಸಿದ್ರೆ ನನಗೆ ಪಾಪ ಸುತ್ಕೊಳ್ಳುತ್ತೆ. ಕೋಟು ಹಾಕ್ಕೊಳ್ಳಿ, ಈಗಲೇ ಪರೀಕ್ಷೆ ತಗೋತೀನಿ.”

ಡಾಕ್ಟರ ಕಣ್ಣಲ್ಲಿ ನೀರು ಬಂತು. ಕೋಟು ತೊಟ್ಟು, ಗುಂಡಿ ಹಾಕಿ, ಕೈ ತೊಳೆದು ಸೆಟೆದು ನಿಂತರು. ಗೆದ್ದೆ ಎಂದು ಮನಸ್ಸು ಕುಣಿಯುತ್ತಿತ್ತು.

“ಸಿಸ್ಟರ್, ರೋಗೀನ ಕರೀರಿ.”

ಸಿಸ್ಟರ್ ಖಾಲಿ ಸ್ಟೂಲು ನೋಡಿದರು. ಆಮೇಲೆ ಡಾಕ್ಟರನ್ನು ನೋಡಿದರು. “ಇದ್ದಿದ್ದೇ ಇವರೊಬ್ರು ಸರ್.”

“ನನ್ನ ಕತ್ತು ಇದೆಯಲ್ಲ!” ಎಂದು ಕಾಂಪೌಂಡರು ಮುಂದೆ ಬಂದರು. ಪರೀಕ್ಷಕರು ಮುಟ್ಟಿ ನೋಡಿ ತಲೆಯಾಡಿಸಿದರು. ಕಲ್ಲುಗುಂಡಿನಂಥ ಆರೋಗ್ಯ.

“ಕ್ಷಮಿಸಿ ಡಾಕ್ಟ್ರೇ, ರೋಗಿ ಇಲ್ದೆ ಪರೀಕ್ಷೆ ಇಲ್ಲ. ನಿಯಮ” ಎಂದು ಅವರು ರಿಜಿಸ್ಟರ್ ಮುಚ್ಚಿದರು. “ಆರು ತಿಂಗಳು ಬಿಟ್ಟು ಬನ್ನಿ.”

ಕೋಟಿನ ಗುಂಡಿ ಬಿಚ್ಚುತ್ತ ಡಾಕ್ಟರು ಬಾಗಿಲು ದಾಟುವಾಗ ಸಿಸ್ಟರ್ ಹಿಂದೆಯೇ ಓಡಿ ಬಂದು ಕೈಗೊಂದು ಚೀಟಿ ತುರುಕಿದರು. ಮುಂದಿನ ಪರೀಕ್ಷೆಗೆ ರೋಗಿಯಾಗಿ ಬರಬೇಕಾದ ದಿನಾಂಕ, ಹೊತ್ತು ಎಲ್ಲ ಬರೆದಿತ್ತು.

“ಮರೀಬೇಡಿ, ನಿಮ್ಮನ್ನೇ ನಂಬ್ಕೊಂಡಿರ್ತೀನಿ” ಎಂದರು ಸಿಸ್ಟರ್. “ಮತ್ತೆ, ಆ ಐದನೇದನ್ನೂ ಬರ್ಕೊಂಡು ಬನ್ನಿ.”